ಗುಲಾಬಿ ಗಿಡಕ್ಕೆ ಕತ್ತರಿ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೈಸೂರಿನದೋ ಹಾಸನದ್ದೋ ದಾವಣಗೆರೆಯದೋ ಇರಬಹುದು. ಗೇಟು ತೆರೆದರೆ ಎಡಗಡೆ ತುಳಸಿಕಟ್ಟೆ. ಕಾಂಪೌಂಡಿನ ಮೂಲೆಯಲ್ಲಿ ಒಂದು ಗುಲಾಬಿ. ಗಿಡ ಆಳೆತ್ತರ ಬೆಳೆದಿದೆ. ಬುಡದಿಂದ ಎರಡಡಿ ಬರೀ ಬೋಳು ಕಡ್ಡಿ, ಅದೂ ಬೂದು ಬಣ್ಣಕ್ಕೆ ತಿರುಗಿದೆ. ಮೇಲೆ, ಕೈಗೆ ಎಟುಕದ ಕಡೆ, ರೂಪಾಯಿ ನಾಣ್ಯದಷ್ಟು ಅಗಲದ ಎರಡು ಹೂವು. ಮನೆಯಾಕೆಯ ದೂರು ಹೀಗಿರುತ್ತದೆ: ‘ತಂದ ಹೊಸದರಲ್ಲಿ ಅಂಗೈಯಗಲ ಬಿಡ್ತಿತ್ತು. ಈಗ ಮೂರು ವರ್ಷದಿಂದ ಇಷ್ಟೇ. ಗೊಬ್ಬರ ಹಾಕಿದ್ದೂ ಹಾಕಿದ್ದೇ, ನೀರು ಹೊಯ್ದದ್ದೂ ಹೊಯ್ದದ್ದೇ.’

ಗೊಬ್ಬರದ ತಪ್ಪಿಲ್ಲ. ನೀರಿನ ತಪ್ಪೂ ಇಲ್ಲ. ಮೂರು ವರ್ಷದಿಂದ ಆ ಗಿಡಕ್ಕೆ ಕತ್ತರಿ ಬಿದ್ದಿಲ್ಲ, ಅಷ್ಟೇ.

ಇವತ್ತಿನ ಮಾತೆಲ್ಲ ಆ ಕತ್ತರಿಯದು. ಗುಲಾಬಿಯ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಆದರೆ ಮನೆಯ ಮುಂದೆ ನಾಲ್ಕು ಗಿಡ ಇಟ್ಟುಕೊಂಡವರಿಗೆ ಯಾವುದು ಎಲ್ಲಕ್ಕಿಂತ ಕಷ್ಟ ಎಂದು ಕೇಳಿದರೆ, ಉತ್ತರ ಸವರುವುದು. ಕೈ ಬರುವುದಿಲ್ಲ. ಸಾಕಿದ ಗಿಡದ ಮೇಲೆ ಕತ್ತರಿ ಆಡಿಸುವುದು ಹೇಗೆ ಎಂದು ಮನಸ್ಸು ಹಿಂಜರಿಯುತ್ತದೆ.

ರೈತರಿಗೆ ಈ ಹಿಂಜರಿಕೆ ಇಲ್ಲ. ವಿಜಯಪುರ, ಬಾಗಲಕೋಟೆ ಕಡೆ ದ್ರಾಕ್ಷಿ ಬೆಳೆಯುವವರು ವರ್ಷಕ್ಕೆ ಎರಡು ಸಲ ಬಳ್ಳಿಗೆ ಕತ್ತರಿ ಹಾಕುತ್ತಾರೆ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಅದಕ್ಕೆ ಅವರ ಮಾತು ‘ಚಾಟನಿ’. ರಾಮನಗರ, ಕೋಲಾರದ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆಯನ್ನು ನೆಲಕ್ಕೆ ಹತ್ತಿರವೇ ಕೊಯ್ದುಬಿಡುತ್ತಾರೆ. ಹುಳುವಿಗೆ ಬೇಕಾದ ಎಳೆ ಸೊಪ್ಪು ಬರುವುದೇ ಆಮೇಲೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕುಯ್ಲು ಮುಗಿದ ಮೇಲೆ ಗಿಡ ಸವರುತ್ತಾರೆ. ಅಲ್ಲಿ ಆ ಕೆಲಸಕ್ಕೆ ‘ಕಸಿ’ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಕಸಿ ಎಂದರೆ ಒಂದು ಗಿಡಕ್ಕೆ ಇನ್ನೊಂದರ ಕಣ್ಣು ಕಟ್ಟುವುದು. ಒಂದೇ ಮಾತು, ಘಟ್ಟ ಇಳಿದರೆ ಬೇರೆ ಅರ್ಥ. ಗೊಂದಲ ಬೇಡ: ಈ ಭಾಷಣದಲ್ಲಿ ಕಸಿ ಎಂದರೆ ಕಟ್ಟುವುದು, ಸವರುವುದು ಎಂದರೆ ಕತ್ತರಿಸುವುದು.

ಹಾಗಾದರೆ ಗುಲಾಬಿಯನ್ನು ಸವರುವುದು ಏಕೆ?

ಕಾರಣ ಸರಳ. ಇವತ್ತು ನಾವು ಬೆಳೆಸುವ ಗುಲಾಬಿಗಳಲ್ಲಿ ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿಯ ಮೈಮೇಲೆ ನೇರವಾಗಿ ಮೊಗ್ಗು ಮೂಡುವುದಿಲ್ಲ. ಕಡ್ಡಿಯಿಂದ ಚಿಗುರು ಹೊರಡಬೇಕು, ಚಿಗುರು ಬೆಳೆಯಬೇಕು, ಅದರ ತುದಿಗೆ ಮೊಗ್ಗು ಕೂರಬೇಕು. ಹೊಸ ಚಿಗುರಿಲ್ಲದಿದ್ದರೆ ಹೂವಿಲ್ಲ. ಚಿಗುರು ಸಣಕಲಾದರೆ ಹೂವೂ ಸಣಕಲು.

ಇನ್ನೊಂದು ಸಂಗತಿ ಇದೆ. ಗುಲಾಬಿಯ ಪ್ರತಿ ಎಲೆಯ ಕಂಕುಳಲ್ಲಿ ಒಂದು ಕಣ್ಣು ಇರುತ್ತದೆ. ಎಲೆ ಉದುರಿದ ಮೇಲೂ ಆ ಕಣ್ಣು ಅಲ್ಲೇ ಉಳಿಯುತ್ತದೆ. ಕಡ್ಡಿಯ ಮೇಲೆ ಬೆರಳಾಡಿಸಿದರೆ ಸಾಸಿವೆ ಕಾಳಿನಂಥ ಸಣ್ಣ ಉಬ್ಬು ಸಿಗುತ್ತದೆ, ಅದೇ. ಆ ಕಣ್ಣುಗಳೆಲ್ಲ ಚಿಗುರಬಲ್ಲವು. ಆದರೆ ಚಿಗುರುವುದಿಲ್ಲ. ತುದಿಯಲ್ಲಿರುವ ಮೊಗ್ಗು ಬಿಡುವುದಿಲ್ಲ. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕ ಕಡ್ಡಿಯೊಳಗೆ ಕೆಳಗೆ ಇಳಿಯುತ್ತಾ ಉಳಿದ ಕಣ್ಣುಗಳನ್ನು ನಿದ್ದೆಯಲ್ಲೇ ಇಡುತ್ತದೆ. ತುಂಬಿದ ಮನೆಯಲ್ಲಿ ಯಜಮಾನನೊಬ್ಬನೇ ಮಾತಾಡುವ ಹಾಗೆ. ತುದಿ ಕತ್ತರಿಸಿ ಹೋಯಿತೋ, ಆ ಹಿಡಿತವೂ ಹೋಯಿತು. ಕೆಲವೇ ದಿನಗಳಲ್ಲಿ ಕೆಳಗಿನ ಎರಡು ಮೂರು ಕಣ್ಣು ಕೆಂಪಗೆ ಊದಿಕೊಳ್ಳುತ್ತವೆ. ಒಂದು ಕಡ್ಡಿ ಇದ್ದ ಕಡೆ ಎರಡು ಚಿಗುರು, ಎರಡು ಹೂವು.

ಹೊಸ ಚಿಗುರಿನಲ್ಲೆಲ್ಲ ಹೂ ಬಿಡುವ ಈ ಗುಣ ಎಲ್ಲ ಗುಲಾಬಿಗೂ ಮೊದಲಿನಿಂದ ಇದ್ದದ್ದಲ್ಲ. ಯೂರೋಪಿನ ಹಳೆಯ ಗುಲಾಬಿಗಳು, ಒಂದೆರಡನ್ನು ಬಿಟ್ಟರೆ, ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿದ್ದವು. ಬೇಸಿಗೆಯ ಕೆಲವು ವಾರ ಹೂವು, ಆಮೇಲೆ ವರ್ಷವಿಡೀ ಬರೀ ಮುಳ್ಳು. ತಿಂಗಳು ತಿಂಗಳೂ ಹೂ ಕೊಡುವ ಗುಲಾಬಿ ಇದ್ದದ್ದು ಚೀನಾದಲ್ಲಿ. ಅಲ್ಲಿನವರು ಅದನ್ನು ತಿಂಗಳ ಹೂ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. 18ನೇ ಶತಮಾನದ ಕೊನೆಗೆ ಆ ಗಿಡಗಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋದವು. ದಾರಿಯಲ್ಲಿ ಕಲ್ಕತ್ತಾ ಸಿಗುತ್ತಿತ್ತು. ಚೀನಾದ ಗುಲಾಬಿಗೆ ಫ್ರೆಂಚರು ‘ಬೆಂಗಾಲದ ಗುಲಾಬಿ’ ಎಂದು ಹೆಸರಿಟ್ಟುಕೊಂಡರು. ಹುಟ್ಟಿದ ಊರು ಒಂದು, ವಿಳಾಸ ಇನ್ನೊಂದು.

ಚೀನಾದ ಗಿಡವನ್ನೂ ಯೂರೋಪಿನ ಗಿಡವನ್ನೂ ಬೆರೆಸುತ್ತಾ ಹೋದರು. 1867ರಲ್ಲಿ ಫ್ರಾನ್ಸಿನ ಲಿಯೋನ್ ಊರಿನ ಗಿಯೋ ಎಂಬ ನರ್ಸರಿಯವರು ‘ಲಾ ಫ್ರಾನ್ಸ್’ ಎಂಬ ಗುಲಾಬಿಯನ್ನು ಹೊರತಂದರು. ‘ಹೈಬ್ರಿಡ್ ಟೀ’ ಎಂಬ ಜಾತಿಗೆ ಅದೇ ಮೊದಲನೆಯದು ಎಂದು ಲೆಕ್ಕ. ನೀಳ ಕಡ್ಡಿ, ತುದಿಯಲ್ಲಿ ಒಂದೇ ದೊಡ್ಡ ಹೂವು, ನಡುವೆ ಸುರುಳಿ ಸುತ್ತಿದ ದಳ. ಇಂದಿನ ಹೂದಾನಿಯ ಗುಲಾಬಿ ಆ ವಂಶದ್ದು. ಚೀನಾದ ಗಿಡಕ್ಕೆ ಈ ಗುಣ ಬಂದದ್ದು ಹೇಗೆ ಎಂಬುದು 2012ರಲ್ಲಿ ಗೊತ್ತಾಯಿತು. ಹೂ ಬಿಡುವುದನ್ನು ತಡೆಯುವ ಒಂದು ಜೀನ್ ಗುಲಾಬಿಯಲ್ಲಿದೆ. ಚೀನಾದ ಗುಲಾಬಿಯಲ್ಲಿ ಆ ಜೀನ್ ಕೆಟ್ಟುಹೋಗಿದೆ. ತಡೆಯುವವನೇ ಇಲ್ಲದ ಮೇಲೆ ಚಿಗುರಿದ್ದಕ್ಕೆಲ್ಲ ಹೂವು.

ಇಷ್ಟು ತಿಳಿದರೆ ಸಾಕು. ಹೂ ಬರುವುದು ಹೊಸ ಚಿಗುರಿನಲ್ಲಿ. ಚಿಗುರು ಬರುವುದು ತುದಿ ಕತ್ತರಿಸಿದಾಗ. ಈಗ ಯಾವಾಗ ಕತ್ತರಿಸಬೇಕು ಎಂಬ ಮಾತಿಗೆ ಬರೋಣ.

ಇಲ್ಲಿ ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳು ಬಹಳ ಜನರನ್ನು ದಾರಿ ತಪ್ಪಿಸಿವೆ. ಅಲ್ಲಿ ಚಳಿಗಾಲದಲ್ಲಿ ಗಿಡ ಎಲೆ ಉದುರಿಸಿ ಮಲಗುತ್ತದೆ. ಹಿಮ ಕರಗುವ ಹೊತ್ತಿಗೆ, ಫೆಬ್ರವರಿ ಮಾರ್ಚ್‌ನಲ್ಲಿ, ಗೇಣುದ್ದಕ್ಕೆ ಸವರುತ್ತಾರೆ. ನಮ್ಮಲ್ಲಿ ಗುಲಾಬಿ ಮಲಗುವುದೇ ಇಲ್ಲ. ಮಾರ್ಚ್‌ನಲ್ಲಿ ಗೇಣುದ್ದಕ್ಕೆ ಸವರಿದರೆ ಎಳೆ ಚಿಗುರು ನೇರವಾಗಿ ಏಪ್ರಿಲ್ ಬಿಸಿಲಿಗೆ ಬೀಳುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಹಾಗೆ ಮಾಡಿದವರು ಗಿಡವನ್ನೇ ಕಳೆದುಕೊಂಡಾರು.

ನಮ್ಮ ನೆಲಕ್ಕೆ ಸರಿಯಾದ ಕಾಲ ಮಳೆ ಹಿಂದೆ ಸರಿದ ಮೇಲೆ. ದಸರೆ ಮತ್ತು ದೀಪಾವಳಿಯ ನಡುವೆ ಎಂದು ನೆನಪಿಟ್ಟುಕೊಳ್ಳಿ. ಮಳೆ ಜೋರಾಗಿರುವಾಗ ಕತ್ತರಿಸಿದರೆ ಗಾಯ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇದನ್ನು ಇನ್ನೂ ಗಟ್ಟಿಯಾಗಿ ಪಾಲಿಸಬೇಕು. ಬೆಂಗಳೂರು, ಮೈಸೂರಿನಂಥ ಹದವಾದ ಹವೆಯಲ್ಲಿ ಜೂನ್ ತಿಂಗಳ ಸುಮಾರಿಗೆ ಇನ್ನೊಂದು ಸಲ ಹಗುರಾಗಿ ತುದಿ ಸವರಬಹುದು. ದೊಡ್ಡ ಸವರುವಿಕೆ ಮಾತ್ರ ವರ್ಷಕ್ಕೆ ಒಂದೇ.

ಸವರಿದ ದಿನದಿಂದ ಹೂ ಅರಳುವವರೆಗೆ ಸುಮಾರು 45 ದಿನ. ಚಳಿ ಹೆಚ್ಚಿದ್ದರೆ ನಾಲ್ಕಾರು ದಿನ ತಡ, ಸೆಕೆ ಇದ್ದರೆ ಅಷ್ಟೇ ಬೇಗ. ಈ ಲೆಕ್ಕದ ಮೇಲೆ ಒಂದು ವ್ಯಾಪಾರವೇ ನಿಂತಿದೆ. ದೊಡ್ಡಬಳ್ಳಾಪುರದ ಸುತ್ತ, ಗಡಿಯಾಚೆ ಹೊಸೂರಿನಲ್ಲಿ, ಪಾಲಿಹೌಸ್‌ಗಳ ಒಳಗೆ ಕೆಂಪು ಗುಲಾಬಿ ಬೆಳೆಯುತ್ತಾರೆ. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಅವರ ಹೂ ಊರೂರಿಗೆ, ದೇಶ ದೇಶಕ್ಕೆ ಹೋಗಬೇಕು. ಆ ಹೂವಿನ ಕೆಲಸ ಡಿಸೆಂಬರ್ ಮಧ್ಯದಲ್ಲೇ ಶುರು. ಸಾಲಿಗೆ ಸಾಲು ಗಿಡದ ತುದಿ ಕತ್ತರಿಸುತ್ತಾರೆ. ಲೆಕ್ಕ ತಪ್ಪಿ ತಡವಾದರೆ ಹೂವು ಅರಳುವುದು 20ನೇ ತಾರೀಖಿಗೆ. 20ಕ್ಕೆ ಕೆಂಪು ಗುಲಾಬಿಯನ್ನು ಕೇಳುವವರು ಯಾರು?

ಮನೆಯಲ್ಲೂ ಇದೇ ಲೆಕ್ಕ ನಡೆಯುತ್ತದೆ. ಮಗಳ ನಿಶ್ಚಿತಾರ್ಥಕ್ಕೆ ಅಂಗಳ ತುಂಬ ಗುಲಾಬಿ ಬೇಕೆ? ಕ್ಯಾಲೆಂಡರಿನಲ್ಲಿ ಆರೂವರೆ ವಾರ ಹಿಂದಕ್ಕೆ ಎಣಿಸಿ, ಆ ದಿನದ ಮೇಲೆ ಗುರುತು ಹಾಕಿ.

ಇದುವರೆಗೆ ಏಕೆ ಮತ್ತು ಯಾವಾಗ ಎಂಬುದಾಯಿತು. ಇನ್ನು ಹೇಗೆ.

ಮೊದಲು ಕತ್ತರಿ. ಹೊಲಿಗೆಯ ಕತ್ತರಿ ಬೇಡ. ಅಡುಗೆಮನೆಯ ಚಾಕು ಬೇಡ. ಗಿಡ ಸವರುವುದಕ್ಕೆಂದೇ ಸ್ಪ್ರಿಂಗ್ ಇರುವ ಕತ್ತರಿ ನರ್ಸರಿಯಲ್ಲಿ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಬಾಯಿ ಹರಿತವಾಗಿರಬೇಕು. ಮೊಂಡು ಕತ್ತರಿ ಕಡ್ಡಿಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಜಗಿದ ಕಡೆಯಿಂದಲೇ ರೋಗ ಒಳಹೊಗುವುದು. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯ ಬಾಯನ್ನು ಸ್ಪಿರಿಟ್ ಅಥವಾ ಡೆಟಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಈಗ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಹೌದು, ಕೂರಬೇಕು. ನಿಂತು ನೋಡಿದರೆ ಗಿಡದ ತಲೆ ಕಾಣುತ್ತದೆ, ಬುಡ ಕಾಣುವುದಿಲ್ಲ. ಮೊದಲು ಒಣಗಿದ ಕಡ್ಡಿಗಳನ್ನು ತೆಗೆಯಿರಿ. ಕಂದಾಗಿ, ಹಗುರಾಗಿ, ಬಗ್ಗಿಸಿದರೆ ಪಟ್ಟೆಂದು ಮುರಿಯುವುದು ಸತ್ತ ಕಡ್ಡಿ. ಆಮೇಲೆ ಪೆನ್ಸಿಲ್ಲಿಗಿಂತ ಸಣ್ಣದಾದ ಎಲ್ಲ ಕಡ್ಡಿ. ಅದು ಹೂವಿನ ಭಾರ ಹೊರಲಾರದು. ಬಳಿಕ ಒಂದಕ್ಕೊಂದು ಅಡ್ಡ ಬಂದು ಉಜ್ಜಿಕೊಳ್ಳುವ ಕಡ್ಡಿಗಳಲ್ಲಿ ಒಂದನ್ನು ತೆಗೆಯಿರಿ. ಕೊನೆಗೆ ಗಟ್ಟಿಮುಟ್ಟಾದ ನಾಲ್ಕೈದು ಕಡ್ಡಿ ಉಳಿಯುತ್ತವೆ. ಅವು ನಡುವೆ ಜಾಗ ಬಿಟ್ಟು ಸುತ್ತಲೂ ಹೊರಚಾಚಿರಬೇಕು. ಐದು ಬೆರಳನ್ನು ಮೇಲ್ಮುಖವಾಗಿ ಅಗಲಿಸಿ ಹಿಡಿದರೆ ಹೇಗಿರುತ್ತದೋ ಹಾಗೆ. ಅಂಗೈ ಇರುವ ಕಡೆ ಗಾಳಿ ಬೆಳಕು ಇಳಿಯಬೇಕು.

ಉಳಿದ ಕಡ್ಡಿಗಳ ಎತ್ತರ ಎಷ್ಟಿರಬೇಕು? ಮೊಣಕಾಲಿನಷ್ಟು. ಹೆಚ್ಚೆಂದರೆ ಎರಡಡಿ. ಮೊಣಕಾಲಿಗಿಂತ ಕೆಳಗೆ ಹೋಗಬೇಡಿ. ನಮ್ಮ ಬಿಸಿಲಿನಲ್ಲಿ ಗಿಡಕ್ಕೆ ಕಡ್ಡಿಯಲ್ಲಿ ಸ್ವಲ್ಪ ದಾಸ್ತಾನು ಬೇಕು.

ಇನ್ನು ಒಂದೊಂದು ಕಡ್ಡಿಯ ಕಡೆ ಬನ್ನಿ. ಗಿಡದ ಹೊರಗಡೆಗೆ ಮುಖ ಮಾಡಿದ ಒಂದು ಕಣ್ಣನ್ನು ಹುಡುಕಿ. ಅದರಿಂದ ಕಾಲಂಗುಲ ಮೇಲೆ ಕತ್ತರಿ ಇಡಿ. ಕಡಿತ ಓರೆಯಾಗಿರಲಿ. ಎತ್ತರದ ಬದಿ ಕಣ್ಣಿನ ಕಡೆಗೆ, ತಗ್ಗಿನ ಬದಿ ಅದರ ಹಿಂದಕ್ಕೆ. ಬಿದ್ದ ನೀರು ಕಣ್ಣಿನ ಮೇಲೆ ನಿಲ್ಲದೆ ಹಿಂದಕ್ಕೆ ಜಾರಿ ಹೋಗುತ್ತದೆ. ಕಣ್ಣಿಗೆ ತೀರ ಹತ್ತಿರ ಕತ್ತರಿಸಿದರೆ ಕಣ್ಣೇ ಒಣಗುತ್ತದೆ. ತೀರ ದೂರ ಕತ್ತರಿಸಿದರೆ ಮೇಲಿನ ತುಂಡು ಸತ್ತು ಕೊಳೆಯುತ್ತದೆ. ಹೊರಗಡೆಯ ಕಣ್ಣು ಏಕೆಂದರೆ, ಕಣ್ಣು ಯಾವ ಕಡೆ ನೋಡುತ್ತದೋ ಚಿಗುರು ಆ ಕಡೆಗೇ ಹೋಗುತ್ತದೆ. ಒಳಗೆ ನೋಡುವ ಕಣ್ಣನ್ನು ಉಳಿಸಿದರೆ ಮುಂದಿನ ವರ್ಷ ನಡುವೆ ಪೊದೆ.

ಕತ್ತರಿಸಿದ ತುದಿಯನ್ನು ಒಮ್ಮೆ ನೋಡಿ. ನಡುವಿನ ತಿರುಳು ಬಿಳಿಯಾಗಿ ಅಥವಾ ಎಳೆ ಹಸಿರಾಗಿ ಇದ್ದರೆ ಸರಿ. ಕಂದು ಬಣ್ಣ ಕಂಡರೆ ರೋಗ ಅಲ್ಲಿಗೆ ಇಳಿದಿದೆ ಎಂದರ್ಥ. ತುದಿಯಿಂದ ಬುಡದ ಕಡೆಗೆ ಕಡ್ಡಿ ಕಪ್ಪಾಗುತ್ತಾ ಒಣಗುವ ಈ ಶಿಲೀಂಧ್ರ ರೋಗ ನಮ್ಮಲ್ಲಿ ಬಹಳ. ಬಿಳಿ ತಿರುಳು ಸಿಗುವವರೆಗೆ ಇನ್ನೊಂದು ಕಣ್ಣು, ಇನ್ನೊಂದು ಕಣ್ಣು ಎಂದು ಕೆಳಗೆ ಕತ್ತರಿಸುತ್ತಾ ಹೋಗಿ. ದಯೆ ತೋರಿದರೆ ಅದು ಕಸಿಯ ಗಂಟಿನವರೆಗೂ ಇಳಿಯುತ್ತದೆ. ಕಡಿದ ತುದಿಗಳಿಗೆ ಬೋರ್ಡೋ ಮುಲಾಮನ್ನೋ, ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ಕಲಸಿದ ಲೇಪವನ್ನೋ ಹಳೆಯ ಬ್ರಷ್‌ನಿಂದ ಹಚ್ಚಿ.

ಕತ್ತರಿ ಹಾಕಬಾರದ ಒಂದು ಜಾಗವೂ ಇದೆ. ಅದನ್ನು ಹೇಳುವ ಮೊದಲು ಕಸಿಯ ಗಂಟಿನ ಬಗ್ಗೆ ಎರಡು ಮಾತು ಬೇಕು.

ನರ್ಸರಿಯಿಂದ ತಂದ ಗುಲಾಬಿಯಲ್ಲಿ ಸಾಮಾನ್ಯವಾಗಿ ಎರಡು ಗಿಡ ಇರುತ್ತವೆ. ಕೆಳಗಿನ ಬೇರು ಒಂದು ಒರಟು ಕಾಡು ಜಾತಿಯದು. ಅದರ ಮೇಲೆ ಒಳ್ಳೆಯ ತಳಿಯ ಒಂದು ಕಣ್ಣು ತಂದು ಕೂರಿಸಿ ಪಟ್ಟಿ ಕಟ್ಟಿರುತ್ತಾರೆ. ಎರಡೂ ಸೇರಿದ ಕಡೆ ಗೋಲಿಯಷ್ಟು ದಪ್ಪ ಗಂಟು. ನೆಡುವಾಗ ಆ ಗಂಟು ಮಣ್ಣಿನಿಂದ ಒಂದೆರಡು ಅಂಗುಲ ಮೇಲಿರಬೇಕು. ಕುಂಡದಲ್ಲಾಗಲಿ ನೆಲದಲ್ಲಾಗಲಿ ಇದೇ ನಿಯಮ. ಗೊಬ್ಬರ ಹಾಕುತ್ತಾ ಹಾಕುತ್ತಾ ಅದನ್ನು ಮುಚ್ಚಿಬಿಡುವವರೇ ಹೆಚ್ಚು.

ಗಂಟಿನ ಕೆಳಗಿನಿಂದ ಒಂದೊಂದು ಸಲ ಭರ್ಜರಿ ಚಿಗುರು ಹೊರಡುತ್ತದೆ. ನೋಡಿದವರಿಗೆ ಖುಷಿಯೋ ಖುಷಿ. ಎಲ್ಲಕ್ಕಿಂತ ವೇಗವಾಗಿ ಬೆಳೆಯುವುದು ಅದೇ. ಆದರೆ ಅದು ಕಾಡು ಚಿಗುರು. ಕೆಳಗಿನ ಗಿಡ ಬೇರಿನ ಶಕ್ತಿಯನ್ನೆಲ್ಲ ತನ್ನ ಸ್ವಂತ ಸಂಸಾರಕ್ಕೆ ಬಳಸುತ್ತಿದೆ. ‘ನಮ್ಮ ಕೆಂಪು ಗುಲಾಬಿ ಬಿಳಿಯಾಗಿಬಿಟ್ಟಿತು’ ಎಂಬ ಮಾತು ಕೇಳಿರುತ್ತೀರಿ. ಕೆಂಪು ಬಿಳಿಯಾಗಲಿಲ್ಲ. ಕೆಂಪು ಸತ್ತಿತು, ಬೇರುಗಿಡ ಗೆದ್ದಿತು. ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಒಳ್ಳೆಯದು ಎಂಬ ಮಾತೊಂದು ಚಾಲ್ತಿಯಲ್ಲಿದೆ. ಅದನ್ನು ನಂಬಿ ಕೂರಬೇಡಿ. ಒಳ್ಳೆಯ ತಳಿಗಳಲ್ಲೂ ಏಳೆಲೆ ಬರುತ್ತದೆ. ಚಿಗುರನ್ನು ಹಿಡಿದು ಬುಡದವರೆಗೆ ಬೆರಳು ಜಾರಿಸಿ. ಗಂಟಿನ ಕೆಳಗೆ ಹುಟ್ಟಿದ್ದರೆ ಕಾಡು, ಮೇಲೆ ಹುಟ್ಟಿದ್ದರೆ ಮನೆಯದು.

ಇಲ್ಲಿ ಕತ್ತರಿ ಬೇಡ. ಕತ್ತರಿಸಿದರೆ ಉಳಿದ ಮೋಟಿನ ಕಣ್ಣುಗಳು ಎಚ್ಚರವಾಗುತ್ತವೆ, ಒಂದಿದ್ದದ್ದು ಮೂರಾಗುತ್ತದೆ. ಮಣ್ಣು ಸರಿಸಿ, ಹುಟ್ಟಿದ ಜಾಗದಲ್ಲೇ ಹಿಡಿದು ಕೆಳಮುಖವಾಗಿ ಎಳೆದು ಕಿತ್ತುಬಿಡಿ. ಬುಡದ ಕಣ್ಣೂ ಅದರ ಜತೆ ಹೋಗುತ್ತದೆ.

ವರ್ಷದ ದೊಡ್ಡ ಸವರುವಿಕೆ ಹೀಗೆ. ಕಾಡು ಚಿಗುರಿಗೆ ಮಾತ್ರ ಕೈ, ಉಳಿದದ್ದಕ್ಕೆಲ್ಲ ಕತ್ತರಿ. ಆದರೆ ಕತ್ತರಿಯನ್ನು ಅಟ್ಟಕ್ಕೆ ಹಾಕುವ ಹಾಗಿಲ್ಲ. ವಾರ ವಾರವೂ ಅದಕ್ಕೊಂದು ಸಣ್ಣ ಕೆಲಸ ಇದೆ.

ಹೂ ಬಾಡಿದರೆ ಗಿಡದ ಮೇಲೆಯೇ ಬಿಡಬೇಡಿ. ಬಿಟ್ಟರೆ ಕೆಲವು ತಳಿಗಳಲ್ಲಿ ಅದು ಕಾಯಿ ಕಟ್ಟುತ್ತದೆ. ಗುಲಾಬಿ ಸೇಬಿನ ಕುಟುಂಬದ್ದು, ಅದರ ಕಾಯಿಯೂ ಪುಟ್ಟ ಸೇಬಿನಂತೆಯೇ ಇರುತ್ತದೆ. ಕಾಯಿ ಕಟ್ಟಿದ ಗಿಡ ಹೂವಿನ ಚಿಂತೆ ಬಿಡುತ್ತದೆ, ಬೀಜದ ಚಿಂತೆಗೆ ಇಳಿಯುತ್ತದೆ. ಬಾಡಿದ ಹೂವಿನಿಂದ ಕೆಳಗೆ ಬನ್ನಿ. ಮೊದಲು ಮೂರೆಲೆಯ ಗುಂಪು ಸಿಗುತ್ತದೆ. ಅದನ್ನು ದಾಟಿ. ಹೊರಮುಖದ ಐದೆಲೆಯ ಗುಂಪು ಸಿಕ್ಕಲ್ಲಿ, ಅದರ ಸ್ವಲ್ಪ ಮೇಲೆ ಕತ್ತರಿಸಿ. ಅಲ್ಲಿನ ಕಣ್ಣು ದಪ್ಪ, ಅಲ್ಲಿಂದ ಬರುವ ಚಿಗುರೂ ದಪ್ಪ. ದೇವರಿಗೆಂದು ದಿನವೂ ಹೂ ಕೊಯ್ಯುವ ಮನೆಯಲ್ಲಿ ಈ ಕೆಲಸ ಅರ್ಧ ತಾನಾಗಿ ಆಗುತ್ತಿರುತ್ತದೆ. ಆದರೆ ಹೂವಿನ ಕುತ್ತಿಗೆಯನ್ನಷ್ಟೇ ಚಿವುಟುವ ಅಭ್ಯಾಸ ನಮ್ಮದು. ಇನ್ನೊಂದು ಗೇಣು ಕೆಳಗೆ ಕೈ ಹೋದರೆ ಗಿಡಕ್ಕೂ ಒಳ್ಳೆಯದು.

ನೆಟ್ಟು ವರ್ಷ ತುಂಬದ ಗಿಡಕ್ಕೆ ಮಾತ್ರ ವಿನಾಯಿತಿ. ಅದರ ಎಲೆಯೇ ಅದರ ಅಡುಗೆಮನೆ. ಹೂವನ್ನಷ್ಟೇ ತೆಗೆದು ಎಲೆಗಳನ್ನೆಲ್ಲ ಉಳಿಸಿ.

ಸವರಿದ ಗಿಡ ಹಸಿದಿರುತ್ತದೆ. ವಾರ ಹತ್ತು ದಿನ ಕಳೆದು, ಕಣ್ಣು ಕೆಂಪಾಗುತ್ತಿದ್ದಂತೆ, ಬುಡದಿಂದ ಗೇಣು ದೂರದಲ್ಲಿ ಸುತ್ತಲೂ ಮಣ್ಣು ಕೆದಕಿ. ಎರಡು ಮೂರು ಬೊಗಸೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ, ಸಿಕ್ಕಿದರೆ ಒಂದು ಹಿಡಿ ಮೂಳೆ ಪುಡಿ. ಹಸಿ ಸಗಣಿ ಹಾಕಬೇಡಿ, ಗೊಣ್ಣೆ ಹುಳು ಬರುತ್ತದೆ, ಬೇರು ತಿನ್ನುತ್ತದೆ. ಟೀ ಚರಟ, ಮೊಟ್ಟೆ ಸಿಪ್ಪೆ, ಬಾಳೆ ಸಿಪ್ಪೆ ಎಂದು ಅಡುಗೆಮನೆಯ ವೈದ್ಯ ಬಹಳ ನಡೆಯುತ್ತಿದೆ. ಕಾಂಪೋಸ್ಟ್ ಗುಂಡಿಗೆ ಹಾಕಿ ಕಳಿತ ಮೇಲೆ ತಂದರೆ ಅವೂ ಗೊಬ್ಬರವೇ. ನೇರವಾಗಿ ಬುಡಕ್ಕೆ ಸುರಿದರೆ ಇರುವೆಗೆ ಹಬ್ಬ.

ನೀರು ಬೆಳಗ್ಗೆ ಕೊಡಿ, ಬುಡಕ್ಕೆ ಕೊಡಿ. ದಿನಾ ಒಂದು ಚೊಂಬು ಚಿಮುಕಿಸುವುದಕ್ಕಿಂತ ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ಹೊಯ್ಯುವುದು ಮೇಲು. ಇದು ನೆಲದ ಗಿಡದ ಮಾತು. ಕುಂಡದ ಮಣ್ಣು ಬೇಗ ಒಣಗುತ್ತದೆ, ಬೆರಳಿಟ್ಟು ನೋಡಿ ಕೊಡಿ. ಬೋರ್‌ವೆಲ್ಲಿನ ಗಡಸು ನೀರು ವರ್ಷಗಟ್ಟಲೆ ಬಿದ್ದರೆ ಎಲೆಯ ನರ ಹಸಿರಾಗಿಯೇ ಉಳಿದು ನಡುವೆಲ್ಲ ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುತ್ತಿಲ್ಲ ಎಂಬುದರ ಗುರುತು ಅದು. ಮಳೆ ನೀರು ಹಿಡಿದಿಟ್ಟು ಆಗಾಗ ಕೊಟ್ಟರೆ ಸುಧಾರಿಸುತ್ತದೆ. ಬಿಸಿಲಂತೂ ದಿನಕ್ಕೆ ಆರು ಗಂಟೆ ಬೇಕೇ ಬೇಕು. ಮಾವಿನ ಮರದ ಅಡಿ ಇಟ್ಟ ಗುಲಾಬಿಗೆ ಎಷ್ಟು ಕತ್ತರಿ ಹಾಕಿದರೂ ಅಷ್ಟೇ.

ಸವರುವುದು, ಬಾಡಿದ ಹೂ ತೆಗೆಯುವುದು, ಆಮೇಲೆ ಗೊಬ್ಬರ ನೀರು. ಇಷ್ಟಾದ ಮೇಲೆ ರೋಗದ ಮಾತು. ಅಲ್ಲೂ ಕತ್ತರಿಯೇ ಮೊದಲ ಔಷಧಿ.

ಎಲೆಯ ಮೇಲೆ ಅಂಚು ಚದುರಿದ ಕಪ್ಪು ಚುಕ್ಕೆ, ಸುತ್ತ ಹಳದಿ, ಆಮೇಲೆ ಎಲೆ ಉದುರುವುದು. ಇದು ಕಪ್ಪು ಚುಕ್ಕೆ ರೋಗ. ಈ ಶಿಲೀಂಧ್ರದ ಬೀಜಕ ಮೊಳೆಯಬೇಕಾದರೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿಯೇ ಇರಬೇಕು. ಸಂಜೆ ಪೈಪ್ ಹಿಡಿದು ಗಿಡಕ್ಕೆ ತಲೆಸ್ನಾನ ಮಾಡಿಸುವ ಮನೆಗಳಲ್ಲಿ ರಾತ್ರಿಯಿಡೀ ಎಲೆ ಒದ್ದೆ. ನಡು ಖಾಲಿ ಇರುವಂತೆ ಸವರಿದ ಗಿಡದಲ್ಲಿ ಗಾಳಿಯಾಡಿ ಎಲೆ ಬೇಗ ಒಣಗುತ್ತದೆ. ಐದು ಬೆರಳಿನ ಮಾತು ಹೇಳಿದ್ದು ಅದಕ್ಕೇ. ರೋಗದ ಎಲೆ ಕತ್ತರಿಸಿ, ಉದುರಿದ್ದನ್ನೂ ಆರಿಸಿ ಸುಟ್ಟುಬಿಡಿ. ಚಳಿಗಾಲದ ಬೂದಿ ರೋಗ ಬೇರೆ ಥರದ್ದು. ಎಳೆ ಚಿಗುರಿನ ಮೇಲೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಮೂರು ಗ್ರಾಂ ಕಲಸಿ, ಬಿಸಿಲೇರುವ ಮೊದಲು ಸಿಂಪಡಿಸಿ. ಸಸ್ಯಹೇನು, ನುಸಿ ಕಂಡರೆ ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ. ಮೊಗ್ಗಿನ ದಳದ ಅಂಚು ಕಂದಾಗಿ ಅರಳದೆ ನಿಂತರೆ ಒಳಗೆ ಥ್ರಿಪ್ಸ್ ಸೇರಿದೆ. ಆ ಮೊಗ್ಗನ್ನು ಕತ್ತರಿಸಿ ಬಿಸಾಡುವುದೇ ವಾಸಿ.

ಒಬ್ಬಳ ಮೇಲೆ ಮಾತ್ರ ಔಷಧಿ ಹೊಡೆಯಬೇಡಿ. ಕೆಲವು ಸಲ ಗುಲಾಬಿ ಎಲೆಯ ಅಂಚಿನಲ್ಲಿ ಯಾರೋ ಪಂಚಿಂಗ್ ಯಂತ್ರ ಒತ್ತಿದಂತೆ ಅಚ್ಚುಕಟ್ಟಾದ ಅರ್ಧಚಂದ್ರ ಕಾಣುತ್ತದೆ. ಹುಳು ತಿಂದದ್ದಲ್ಲ. ಅದು ಎಲೆಕತ್ತರಿ ಜೇನಿನ ಕೆಲಸ. ಹೆಣ್ಣು ಜೇನು ಎಲೆಯ ಅಂಚಿಗೆ ಬಂದು ಕೂತು, ತನ್ನನ್ನೇ ಕೈವಾರ ಮಾಡಿಕೊಂಡು ಕೊರೆಯುತ್ತಾ ತಿರುಗುತ್ತದೆ. ತುಂಡು ಬಿಡುತ್ತಿದ್ದಂತೆ ಹೊಟ್ಟೆಯಡಿ ಅವುಚಿಕೊಂಡು ಹಾರುತ್ತದೆ. ಗೋಡೆಯ ತೂತಿನಲ್ಲೋ ಬಿದಿರಿನ ಕೊಳವೆಯಲ್ಲೋ ಅದನ್ನು ಸುರುಳಿ ಸುತ್ತಿ ಮರಿಗೆ ತೊಟ್ಟಿಲು ಮಾಡುತ್ತದೆ. ಗಿಡಕ್ಕೆ ಇದರಿಂದ ನಷ್ಟವೇನೂ ಇಲ್ಲ. ನಿಮ್ಮ ಸೌತೆ, ಹೀರೆ ಹೂವಿಗೆ ಪರಾಗ ಹೊರುವವಳು ಅವಳೇ ಇರಬಹುದು.

ಆರೈಕೆಯ ಜತೆ ತಳಿಯ ಮಾತೂ ಒಂದಿಷ್ಟು. ನಮ್ಮ ಸೆಕೆಗೆ ಒಗ್ಗುವ ಗುಲಾಬಿ ಬೇಕು ಎಂದು ದುಡಿದವರು ನಮ್ಮಲ್ಲೇ ಇದ್ದಾರೆ. ಬೆಂಜಮಿನ್ ಪಿಯರಿ ಪಾಲ್ ಗೋಧಿಯ ವಿಜ್ಞಾನಿ. 1965ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೊದಲ ಮಹಾನಿರ್ದೇಶಕರಾದರು. ಬಿಡುವಿನಲ್ಲಿ ಅವರು ಮಾಡಿದ್ದು ಗುಲಾಬಿ ತಳಿಗಳನ್ನು. ‘ಡೆಲ್ಲಿ ಪ್ರಿನ್ಸೆಸ್’ ಅವುಗಳಲ್ಲಿ ಒಂದು. ಕೊಡೈಕನಾಲಿನ ವೀರರಾಘವನ್ ಮತ್ತು ಗಿರಿಜಾ ದಂಪತಿ ಇನ್ನೂ ಮುಂದೆ ಹೋದರು. ಯೂರೋಪಿನ ಚಳಿಗೆಂದು ಹುಟ್ಟಿದ ಗಿಡ ಇಲ್ಲಿ ಒದ್ದಾಡುತ್ತದೆ, ಇಲ್ಲಿನ ಕಾಡು ಗುಲಾಬಿಯ ರಕ್ತ ಬೇಕು ಎಂಬುದು ಅವರ ವಾದ. ಮಣಿಪುರದ ಬೆಟ್ಟಗಳ ‘ಜೈಗ್ಯಾಂಟಿಯಾ’ ಎಂಬ ಜಾತಿಯನ್ನೂ, ಬಯಲಿನ ಸೆಕೆಯಲ್ಲಿ ಬೆಳೆಯುವ ‘ಕ್ಲೈನೋಫಿಲ್ಲಾ’ವನ್ನೂ ಬಳಸಿ ಹೊಸ ತಳಿ ಕಟ್ಟಿದರು.

ಮತ್ತೆ ಕತ್ತರಿಗೆ ಬರೋಣ. ಬಳ್ಳಿ ಗುಲಾಬಿ ಇಟ್ಟುಕೊಂಡವರು ಕೇಳಬಹುದು, ನಮ್ಮದಕ್ಕೂ ಮೊಣಕಾಲೆತ್ತರದ ಕತ್ತರಿಯೇ ಎಂದು. ಅಲ್ಲ. ಬಳ್ಳಿಯ ಉದ್ದ ಕಡ್ಡಿಗಳನ್ನು ಕತ್ತರಿಸುವ ಬದಲು ಅಡ್ಡಕ್ಕೆ ಬಾಗಿಸಿ ಕಮಾನಿಗೋ ಕಿಟಕಿ ಸರಳಿಗೋ ಕಟ್ಟಿ. ಬಾಗಿಸಿದರೂ ತುದಿಯ ಯಜಮಾನಿಕೆ ಸಡಿಲವಾಗುತ್ತದೆ, ಕಡ್ಡಿಯುದ್ದಕ್ಕೂ ಕಣ್ಣು ಒಡೆಯುತ್ತದೆ. ಅದರಿಂದ ಬಂದ ಅಡ್ಡ ಚಿಗುರುಗಳನ್ನಷ್ಟೇ ಹೂ ಮುಗಿದ ಮೇಲೆ ಸವರಿದರೆ ಸಾಕು.

ಕತ್ತರಿಸಿದ ಕಡ್ಡಿಗಳನ್ನು ಏನು ಮಾಡುವುದು? ಹೈಬ್ರಿಡ್ ಟೀ ಜಾತಿಯ ಕಡ್ಡಿ ಸುಲಭವಾಗಿ ಬೇರು ಬಿಡುವುದಿಲ್ಲ, ಬಿಟ್ಟರೂ ಸೊರಗಿಕೊಂಡೇ ಇರುತ್ತದೆ. ಪನ್ನೀರು ಗುಲಾಬಿಯ ಕಥೆ ಬೇರೆ. ತೆಳು ಗುಲಾಬಿ ಬಣ್ಣ, ಪೇಪರಿನಂಥ ದಳ, ಅಂಗಡಿ ಗುಲಾಬಿಗೆ ಇಲ್ಲದ ಪರಿಮಳ. ಗುಲ್ಕಂದಕ್ಕೂ ಹಾರಕ್ಕೂ ಆಗುವ ಹೂವು ಅದು. ಪೆನ್ಸಿಲ್ ದಪ್ಪದ, ಗೇಣುದ್ದದ, ನಾಲ್ಕು ಕಣ್ಣಿನ ತುಂಡು ಮಾಡಿ. ಎರಡು ಕಣ್ಣು ಮಣ್ಣಿನೊಳಗೆ, ಎರಡು ಹೊರಗೆ. ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಳ್ಳಿ. ಮಲೆನಾಡಿನ ಹೆಂಗಸರು ನೆಂಟರ ಮನೆಯಿಂದ ಬರುವಾಗ ಬುತ್ತಿಯ ಜತೆ ಒಂದು ಗೆಲ್ಲು ತರುವುದು ಈ ಗುಲಾಬಿಯದನ್ನೇ. ಆಲೂಗಡ್ಡೆಗೆ ಕಡ್ಡಿ ಚುಚ್ಚಿ ನೆಡಿ ಎಂಬ ಸಲಹೆ ಈಗ ಎಲ್ಲೆಡೆ ಓಡಾಡುತ್ತಿದೆ. ಹಾಗೆ ನೆಟ್ಟರೆ ಆಲೂಗಡ್ಡೆ ಗಿಡ ಬರುವ ಸಂಭವವೇ ಹೆಚ್ಚು.

ಕೇಳುಗರೇ, ಮೊದಲಲ್ಲಿ ಹೇಳಿದ ಆ ಆಳೆತ್ತರದ ಗಿಡ ಇನ್ನೂ ಕಾಂಪೌಂಡಿನ ಮೂಲೆಯಲ್ಲೇ ನಿಂತಿದೆ. ಮೂರು ವರ್ಷದ ಬಾಕಿಯನ್ನು ಒಂದೇ ದಿನ ತೀರಿಸಲು ಹೋಗಬೇಡಿ. ಈ ಸಲ ಸತ್ತ ಕಡ್ಡಿ, ಸಣ್ಣ ಕಡ್ಡಿ ತೆಗೆದು, ಉಳಿದದ್ದನ್ನು ಸೊಂಟದೆತ್ತರಕ್ಕೆ ಇಳಿಸಿ. ಬುಡದಿಂದ ಹೊಸ ಕಡ್ಡಿ ಎದ್ದ ಮೇಲೆ ಮುಂದಿನ ವರ್ಷ ಮೊಣಕಾಲಿಗೆ ಇಳಿಸಬಹುದು. ದೀಪಾವಳಿಯ ಹೊತ್ತಿಗೆ ಕೈ ಬಿಡುವಾಗಲಿಲ್ಲವೆಂದರೂ ಚಿಂತೆಯಿಲ್ಲ. ನವೆಂಬರ್ 30ರಂದು ಕತ್ತರಿ ಹಾಕಿದರೆ ಸಂಕ್ರಾಂತಿಗೆ ಹೂವು. ಡಿಸೆಂಬರ್ 12ರ ಸುಮಾರಿಗೆ ಹಾಕಿದರೆ, ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವಾಗ ನಿಮ್ಮ ಅಂಗಳದಲ್ಲೂ ಅರಳಿರುತ್ತದೆ.